ಎಡಗಡೆಯ ತಡ

ಈಚೆಗೆ ನನಗೆ ಬರುವ ಫೋನುಗಳದೆಲ್ಲ ಒಂದೇ ರಾಗ. "ಮೇಡಂ, ಮನೇಲೇ ರೆಕಾರ್ಡ್ ಮಾಡ್ತಿದೀನಿ, ಎರಡನೇ ಟ್ರ್ಯಾಕ್ ಲೇಟಾಗಿ ಕೂತ್ಕೊಳ್ತಿದೆ, ಏನ್ ಮಾಡ್ಲಿ?" ಕೆಲಸ ಬಿಟ್ಟು ಮನೆಯಲ್ಲಿ ಕೂತವಳನ್ನೂ ಈ ಜನ ಬಿಡುವುದಿಲ್ಲ. ಹೇಳಿದ್ದನ್ನೇ ಹೇಳಿ ನನ್ನ ಬಾಯಿ ನೋಯುತ್ತಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ. ಉತ್ಸಾಹ ತುಂಬುವ ಮಾತು ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ. ಇಷ್ಟು ವರ್ಷದ ಕೆಲಸ ನನಗೆ ಒಂದು ಕೆಟ್ಟ ಬೆನ್ನನ್ನೂ ಒಂದು ಒಳ್ಳೆಯ ಕಿವಿಯನ್ನೂ ಕೊಟ್ಟಿತು. ಆ ಕಿವಿ ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಯಾಕೆ ಎನ್ನುವುದನ್ನೂ ಹೇಳುತ್ತೇನೆ.

ಮಂಡಿ ಮೊಹಲ್ಲಾದಲ್ಲಿ ನಮ್ಮ ತಂದೆಯದು ಗೋಣಿಚೀಲದ ಸಗಟು ಅಂಗಡಿ. ಮಹಡಿಯ ಮೇಲಿನ ಉದ್ದ ಕೋಣೆಯನ್ನು ಸದಾಶಿವಪ್ಪ ಎಂಬುವರು ಬಾಡಿಗೆಗೆ ಹಿಡಿದು ಕ್ಯಾಸೆಟ್ ಸ್ಟುಡಿಯೋ ಮಾಡಿದ್ದರು. ಗೋಡೆಯ ಮೆತ್ತೆಯೂ ನಮ್ಮ ಅಂಗಡಿಯದೇ. ಗೋಣಿಚೀಲ ಬಿಚ್ಚಿ, ಪದರ ಪದರವಾಗಿ ಹೊಲಿದು ನೇತುಹಾಕಿದ್ದರು. ಹಾಡುವವರು ಜೋರಾಗಿ ಉಸಿರೆಳೆದರೆ ಸೆಣಬಿನ ಧೂಳು ಮೂಗಿಗೆ ಹೋಗಿ ಸೀನು ಬರುತ್ತಿತ್ತು. "ಚೀಲ ಕೊಟ್ಟು ಬರಲು ಮೇಲೆ ಹೋದ ನನ್ನ ಮಗಳು ಗೌರಾ ಕೆಳಗೆ ಇಳಿಯಲೇ ಇಲ್ಲ," ಎಂದು ನಮ್ಮಪ್ಪ ನನ್ನನ್ನು ತೋರಿಸಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅದು ನಿಜ. ಮಠದವರ ವಚನ ಗಾಯನ, ಸೋಬಾನೆ ಪದ, ಮಕ್ಕಳ ಹಾಡು, ಎಲ್ಲವನ್ನೂ ಅಲ್ಲೇ ರೆಕಾರ್ಡ್ ಮಾಡಿದೆವು. ಕೆಲಸವನ್ನು ನಾನು ಕಲಿತದ್ದು ಸದಾಶಿವಪ್ಪನವರ ಬೈಗುಳದಿಂದ.

ಅವರ ಬಾಯಿ ಒರಟು. ಬಾಯಲ್ಲಿ ಸದಾ ಎಲೆ ಅಡಿಕೆ ಇದ್ದುದರಿಂದ ಅರ್ಧ ಬೈಗುಳ ಅರ್ಥವಾಗುತ್ತಿರಲಿಲ್ಲ, ಅಷ್ಟು ಪುಣ್ಯ. ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯಾವ ಹಾಡೇ ಆಗಲಿ, ಶುರು ಮಾಡುವ ಮೊದಲು ಎಲ್ಲರೂ ಸೇರಿ ಒಂದೇ ಒಂದು ಚಪ್ಪಾಳೆ ತಟ್ಟಬೇಕು. ಆ ಚಪ್ಪಾಳೆ ಟೇಪಿನ ಮೇಲೆ ಗುರುತಾಗಿ ಉಳಿಯುತ್ತಿತ್ತು. ಆಮೇಲೆ ಇನ್ನೊಬ್ಬರು ಬಂದು ಅದೇ ಹಾಡಿಗೆ ಕೊಳಲನ್ನೋ ಕೋರಸ್ಸನ್ನೋ ಸೇರಿಸುವಾಗ, ಹೆಡ್‌ಫೋನಿನಲ್ಲಿ ಹಳೆಯ ಚಪ್ಪಾಳೆ ಕೇಳಿ ತಾವೂ ಅದರ ಮೇಲೆಯೇ ತಟ್ಟಬೇಕು. ಎರಡೂ ಒಂದರ ಮೇಲೊಂದು ಕೂತರೆ ಮುಂದಿನದೆಲ್ಲ ಸರಿ. ಕೂರದಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದರು. ಮಿಲಿಸೆಕೆಂಡು ಎನ್ನುವ ಪದವನ್ನು ಅವರು ಒಮ್ಮೆಯೂ ಬಳಸಲಿಲ್ಲ.

ತಡ ಎನ್ನುವುದು ಎರಡು ಬಗೆ ಎಂದು ನಾನು ಕಲಿತದ್ದು ಒಂದು ಕೋರಸ್ಸಿನ ದಿನ. ಕೆಸರೆಯಿಂದ ಭಜನೆ ಮಂಡಳಿಯ ಹೆಂಗಸರು ಬಂದಿದ್ದರು. ಮುಖ್ಯ ಗಾಯಕಿಯ ಹಾಡು ಹಿಂದಿನ ದಿನವೇ ಮುಗಿದಿತ್ತು, ಇವರು ಪಲ್ಲವಿ ಸೇರಿಸಬೇಕಿತ್ತು ಅಷ್ಟೆ. ಎಷ್ಟು ಸಲ ಹಾಡಿದರೂ ಪಲ್ಲವಿ ಹಿಂದೆ ಬೀಳುತ್ತಿತ್ತು. ಸದಾಶಿವಪ್ಪನವರು ಎಲೆ ಅಡಿಕೆ ಉಗಿದು ಬಂದು ಶುರು ಮಾಡಿದರು. "ಏನ್ರಮ್ಮಾ, ನಿದ್ದೆ ಹೊಡೀತಿದೀರಾ? ಪಲ್ಲವಿ ಹೋಗಿ ಊರು ಸೇರ್ಕತು, ನೀವಿನ್ನೂ ಬಸ್ ಸ್ಟಾಂಡಲ್ಲೇ ನಿಂತಿದೀರಲ್ಲ!"

ಒಬ್ಬಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಟೇಪನ್ನು ಮತ್ತೆ ಮತ್ತೆ ಕೇಳಿದೆ. ಮೊದಲ ಸಾಲಿನಲ್ಲಿ ಎಷ್ಟು ತಡವೋ ಕಡೆಯ ಸಾಲಿನಲ್ಲೂ ಅಷ್ಟೇ ತಡ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. "ಸಾರ್, ಇಷ್ಟು ಜನ ಒಂದೇ ಅಳತೇಲಿ ತಪ್ಪು ಮಾಡಕ್ಕಾಗಲ್ಲ," ಎಂದೆ. ಟೇಪ್ ಮಿಶಿನ್ನಿನಲ್ಲಿ ಬರೆಯುವ ಹೆಡ್ಡು ಬೇರೆ, ಓದುವ ಹೆಡ್ಡು ಬೇರೆ. ಸೇರಿಸಿ ಹಾಡುವಾಗ ಹಳೆಯ ಹಾಡನ್ನು ಬರೆಯುವ ಹೆಡ್ಡಿನಿಂದಲೇ ಕೇಳಿಸಬೇಕು, ಅದಕ್ಕೊಂದು ಗುಂಡಿ ಇದೆ. ಆ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಎರಡು ಹೆಡ್ಡುಗಳ ನಡುವಿನ ಆ ಇಷ್ಟೇ ಇಷ್ಟು ಜಾಗವನ್ನು ಟೇಪು ದಾಟುವಷ್ಟು ಹೊತ್ತೇ ಆ ಹೆಂಗಸರ ಮೇಲೆ ಬಿದ್ದ ತಪ್ಪು. ಅವತ್ತು ಅವಸರದಲ್ಲಿದ್ದ ಸದಾಶಿವಪ್ಪನವರು ಚಪ್ಪಾಳೆಯನ್ನೂ ಬಿಟ್ಟಿದ್ದರು.

ಅವರು ಹೊರಗೆ ಹೋಗಿ ಬಾಯಿ ತೊಳೆದುಕೊಂಡು ಬಂದರು. ಕೋರಸ್ಸಿನವರ ಮುಂದೆ ನಿಂತು, "ತಪ್ಪು ನಂದು ಕಣ್ರಮ್ಮಾ. ಮಿಶಿನ್ದೂ ಅಲ್ಲ, ನಿಮ್ದಂತೂ ಅಲ್ವೇ ಅಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಬಹುಶಃ ಅವಮಾನ ತಡೆಯಲಾರದೆ, ಗದರಿದರು. "ನೋಡಮ್ಮಾ, ಇದೊಂದು ಕಲ್ತ್ಕೊಂಬುಡು. ಮಿಶಿನ್ ತಪ್ಪನ್ನ ಮನುಷ್ಯರ ಮೇಲೆ ಹಾಕ್ಬೇಡ. ಮನುಷ್ಯರ ತಪ್ಪನ್ನ ಮಿಶಿನ್ ಮೇಲೆ ಹಾಕ್ಬೇಡ. ಮಿಕ್ಕಿದ್ದೆಲ್ಲ ಯಾವನ್ ಬೇಕಾದ್ರೂ ಮಾಡ್ತಾನೆ." ನನ್ನ ಕೆಲಸಕ್ಕಿದ್ದ ನಿಯಮ ಅದೊಂದೇ. ಅದನ್ನು ನಾನು ಒಮ್ಮೆ ಮಾತ್ರ ಮುರಿದಿದ್ದೇನೆ, ಇವತ್ತಿಗೂ ಮುರಿಯುತ್ತಲೇ ಇದ್ದೇನೆ.

ಆ ಸ್ಟುಡಿಯೋಗೆ ಮೃದಂಗ ನುಡಿಸಲು ಬರುತ್ತಿದ್ದವರು ಶ್ರೀಕಂಠ ಮೇಷ್ಟ್ರು. ಕೃಷ್ಣಮೂರ್ತಿಪುರಂನವರು. ಅವರ ತಾತ ಅರಮನೆಯ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದವರಂತೆ, ಆ ಮಾತನ್ನು ಮಾತ್ರ ಮೇಷ್ಟ್ರು ತಾವಾಗಿ ಎತ್ತಿದವರಲ್ಲ. ಅವರು ಕೂತರೆ ಹೆಡ್‌ಫೋನಿನಲ್ಲಿ ತಾಳ ಎಣಿಸುವ ಕ್ಲಿಕ್ಕು ಬೇಡ, ಬೇರೆ ತಾಳ ಬೇಡ. ಒಂದು ಸಲ ಹಾಡಿನ ಮಧ್ಯೆ ಕರೆಂಟು ಹೋಯಿತು. ಕರೆಂಟು ಬರುವ ಹೊತ್ತಿಗೆ ಎಲ್ಲರೂ ಕೆಳಗೆ ಹೋಗಿ ಕಾಫಿ ಕುಡಿದು, ಹರಟೆ ಹೊಡೆದು, ಬೆವರು ಒರೆಸಿಕೊಂಡು ಬಂದಿದ್ದರು. ಉಳಿದರ್ಧವನ್ನು ಮೇಷ್ಟ್ರು ಬಿಟ್ಟಲ್ಲಿಂದಲೇ, ಅದೇ ಲಯದಲ್ಲಿ ನುಡಿಸಿದರು. ಸದಾಶಿವಪ್ಪನವರು ಎರಡು ತುಂಡನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದರು. ಅಂಟು ಹಾಕಿದ ಜಾಗವನ್ನು ಕಿವಿಯಿಂದ ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಮೃದಂಗಕ್ಕೆ ಎರಡು ಮುಖ. ಬಲಗಡೆಯದರ ಮೇಲೆ ಕರಣೆ ಎನ್ನುವ ಕಪ್ಪು ಲೇಪ ಇರುತ್ತದೆ. ಎಡಗಡೆಯದಕ್ಕೆ ತೊಪ್ಪಿ ಎನ್ನುತ್ತಾರೆ. ತೊಪ್ಪಿಗೆ ನುಡಿಸುವ ಮೊದಲು ನೆನೆಸಿದ ರವೆಯನ್ನು ಮೆತ್ತಬೇಕು, ಆಗಲೇ ಅದಕ್ಕೆ ಆ ತುಂಬಿದ ಗುಮ್ಮೆನ್ನುವ ದನಿ. ನುಡಿಸಿದ ಮೇಲೆ ಕೆರೆದು ತೆಗೆಯಬೇಕು, ಮುಂದಿನ ಸಲಕ್ಕೆ ಮತ್ತೆ ಹೊಸದು. ಮೇಷ್ಟ್ರ ಹೆಂಡತಿ ಸರೋಜಮ್ಮನವರು ಒಂದು ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ರವೆ ಹಾಕಿ ಕೊಟ್ಟು ಕಳಿಸುತ್ತಿದ್ದರು. ನೀರು ಸೇರಿಸಿ ಕಲಸುವ ಕೆಲಸ ಸ್ಟುಡಿಯೋದಲ್ಲಿ ನನ್ನದಾಗಿತ್ತು.

ಕ್ಯಾಸೆಟ್ಟು ಹೋಯಿತು, ಸೀಡಿ ಬಂತು, ಅದೂ ಹೋಯಿತು. ಸದಾಶಿವಪ್ಪನವರು ತೀರಿಕೊಂಡರು. ಕೋಣೆ ನಮ್ಮಣ್ಣನ ಗೋದಾಮಾಯಿತು. ಗೋಡೆಯ ಮೇಲಿದ್ದ ಚೀಲಗಳು ಕೆಳಗಿಳಿದು ಮತ್ತೆ ಚೀಲಗಳೇ ಆದವು. ನಾನು ಮನೆ ಮನೆಗೆ ಹೋಗಿ ಕಂಪ್ಯೂಟರಿಗೆ ಮೈಕು ಜೋಡಿಸಿಕೊಡುವವಳಾದೆ. ಇದ್ದಕ್ಕಿದ್ದಂತೆ ಊರಿನಲ್ಲಿ ಪ್ರತಿಯೊಬ್ಬರಿಗೂ ಮನೆಯಲ್ಲೇ ಸ್ಟುಡಿಯೋ ಬೇಕಾಗಿತ್ತು. ಮಂಚದ ಪಕ್ಕ ಮೈಕು, ಬೀರುವಿನ ಬಾಗಿಲಿಗೆ ಕಂಬಳಿ. ಒಬ್ಬೊಬ್ಬರೇ ಕೂತು ಒಂದೊಂದೇ ಟ್ರ್ಯಾಕು. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ತಡ ಎನ್ನುವ ರೋಗ ಹರಡಿದ್ದು ಆಗಲೇ.

ಆ ತಡ ಯಾಕಾಗುತ್ತದೆ ಎಂದು ಕೇಳುವವರಿಗೆ ನಾನು ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ಮಾಣಿ ಒಂದೊಂದೇ ಇಡ್ಲಿ ತರುವುದಿಲ್ಲ. ತಟ್ಟೆ ತುಂಬುವವರೆಗೆ ಅಡುಗೆಮನೆಯಲ್ಲೇ ನಿಂತಿರುತ್ತಾನೆ. ಕಂಪ್ಯೂಟರೂ ಹಾಗೇ ಸದ್ದನ್ನು ತಟ್ಟೆ ತಟ್ಟೆಯಾಗಿ ಹೊರುತ್ತದೆ. ಆ ತಟ್ಟೆಗೆ ಬಫರ್ ಎಂದು ಹೆಸರು. ದೊಡ್ಡ ತಟ್ಟೆಯಾದರೆ ತಡ, ಚಿಕ್ಕದಾದರೆ ಮಾಣಿ ಓಡಾಡಿ ಸುಸ್ತಾಗಿ ಮಧ್ಯೆ ಚೆಲ್ಲುತ್ತಾನೆ, ಸದ್ದು ಚಟಪಟ ಎನ್ನುತ್ತದೆ. ಹೆಡ್‌ಫೋನಿನಲ್ಲಿ ಹಳೆಯ ಟ್ರ್ಯಾಕು ನಿಮಗೆ ತಡವಾಗಿ ಕೇಳುತ್ತದೆ, ನೀವು ಅದಕ್ಕೆ ಸರಿಯಾಗಿಯೇ ಹಾಡುತ್ತೀರಿ, ಹಾಡಿದ್ದು ಒಳಗೆ ಹೋಗುವಾಗ ಮತ್ತಷ್ಟು ತಡ. ಔಷಧಿ ಸುಲಭ. ಹೆಡ್‌ಫೋನನ್ನು ಮೈಕಿನ ಬಾಯಿಗೆ ಹಿಡಿಯಿರಿ. ಟಿಕ್ ಎನ್ನುವ ಒಂದು ಸದ್ದನ್ನು ಬಿಟ್ಟು ಅದನ್ನೇ ರೆಕಾರ್ಡ್ ಮಾಡಿ. ಹೋದ ಟಿಕ್ಕಿಗೂ ಬಂದ ಟಿಕ್ಕಿಗೂ ಎಷ್ಟು ದೂರವಿದೆಯೋ ಅಷ್ಟನ್ನು ಪ್ರೋಗ್ರಾಂನಲ್ಲಿ ತುಂಬಿಬಿಡಿ. ಮುಂದೆ ಎಲ್ಲವನ್ನೂ ಅದೇ ಅಷ್ಟು ಹಿಂದಕ್ಕೆ ಎಳೆದು ಕೂರಿಸುತ್ತದೆ. ಯಂತ್ರದ ತಡ ಯಾವಾಗಲೂ ಒಂದೇ ಆಗಿರುವುದರಿಂದ ಇದು ನಡೆಯುತ್ತದೆ.

ಕೆಸರೆಯ ಮಹದೇವು ಎಂಬ ಬ್ಯಾಂಕಿನವರಿಗೆ ಇಷ್ಟು ಹೇಳಿಕೊಡುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಸರಿ ಮಾಡಿ ಬಂದರೆ ಮತ್ತೆ ಫೋನು. "ಎಂಗ್ ಮಾಡದು ಮೇಡಂ, ಅಂಗೇ ಅದೆ! ಒಂದ್ಸಲ ಅಷ್ಟು, ಇನ್ನೊಂದ್ಸಲ ಇಷ್ಟು!" ಹೋಗಿ ನೋಡಿದರೆ ನಾನಿದ್ದಾಗ ತಂತಿಯ ಹೆಡ್‌ಫೋನು, ನಾನು ಹೋದ ಮೇಲೆ ಕಿವಿಯೊಳಗೆ ತಂತಿಯಿಲ್ಲದ ಪುಟಾಣಿ ಬ್ಲೂಟೂತು. ಆ ಗಾಳಿಯ ದಾರಿಯಲ್ಲಿ ಆಗುವ ತಡ ಪ್ರೋಗ್ರಾಂಗೆ ಗೊತ್ತೇ ಆಗುವುದಿಲ್ಲ, ಮತ್ತು ಅದು ಒಂದೇ ಸಮನಾಗಿಯೂ ಇರುವುದಿಲ್ಲ. "ತಂತಿ ಸಿಕ್ಕಾಕತದೆ ಮೇಡಂ," ಎಂದರು. "ಸಿಕ್ಕಾಕಿಕೊಳ್ಳಲಿ ಸ್ವಾಮಿ, ಹಾಡು ತಾಳಕ್ಕಾದರೂ ಸಿಗ್ಲಿ," ಎಂದು ಕೈಮುಗಿದು ಬಂದೆ.

ಅದು ನಗುವ ವಿಷಯ. ನಗಲಾಗದ್ದೂ ಇದೆ. ಒಬ್ಬ ಗಾಯಕಿಯ ಕೀರ್ತನೆಯನ್ನು ಯಾರಿಗೋ ಎಡಿಟಿಂಗಿಗೆ ಕೊಟ್ಟಿದ್ದರು. ಆ ಕೀರ್ತನೆ ತಾಳ ಶುರುವಾದ ಮೇಲೆ ಅರ್ಧ ಅಕ್ಷರಕಾಲ ಬಿಟ್ಟು ಎತ್ತುವಂಥದು. ಹಾಡು ಎತ್ತುವ ಈ ಜಾಗಕ್ಕೆ ಸಂಗೀತದವರು ಎಡುಪು ಎನ್ನುತ್ತಾರೆ. ಆ ಅರ್ಧ ಅಕ್ಷರದ ಮೌನದಲ್ಲೇ ಹಾಡಿನ ಜೀವ ಇರುವುದು. ಎಡಿಟ್ ಮಾಡಿದವನು ಪರದೆಯ ಮೇಲಿನ ತಾಳದ ಗೆರೆ ನೋಡಿ, ಪಾಪ ಆಕೆ ಪ್ರತಿ ಸಲ ತಡವಾಗಿ ಎತ್ತುತ್ತಿದ್ದಾರೆ ಎಂದು ಎಲ್ಲವನ್ನೂ ಗೆರೆಗೆ ಸರಿಯಾಗಿ ತಳ್ಳಿಟ್ಟಿದ್ದ. ಗಾಯಕಿ ನನಗೆ ಫೋನು ಮಾಡಿ ಅದನ್ನೇ ಹಾಕಿ ಕೇಳಿಸಿದರು. ಸರಿಪಡಿಸಿಕೊಡೋಣ ಎಂದರೆ ಮೂಲವನ್ನು ಅಳಿಸಿಯಾಗಿತ್ತು. ಹೊಸಬರೇ, ತಡವಾಗಿ ಬಂದದ್ದೆಲ್ಲ ತಪ್ಪಲ್ಲ. ಇದನ್ನು ಹೇಳಿ ನನಗೆ ಸಾಕಾಗಿದೆ. ಕೇಳುವವರು ಯಾರೂ ಇಲ್ಲ ಎನ್ನುವುದೂ ಗೊತ್ತಿದೆ.

ಇನ್ನು ಮೇಷ್ಟ್ರ ವಿಷಯ.

ಅವರೂ ಮನೆಯಲ್ಲೇ ರೆಕಾರ್ಡ್ ಮಾಡತೊಡಗಿದ್ದರು. ಎಲ್ಲೆಲ್ಲಿಯವರೋ ತಮ್ಮ ಹಾಡನ್ನು ಕಳಿಸುತ್ತಿದ್ದರು, ಇವರು ಕೇಳಿಕೊಂಡು ಮೃದಂಗ ನುಡಿಸಿ ವಾಪಸು ಕಳಿಸುತ್ತಿದ್ದರು. ಕಛೇರಿಗೆ ಓಡಾಡುವ ವಯಸ್ಸು ದಾಟಿತ್ತು. ನುಡಿಸುವುದಕ್ಕೆ ಉಳಿದಿದ್ದ ದಾರಿ ಅದೊಂದೇ, ಮತ್ತು ನುಡಿಸದೆ ಅವರು ಇರಲಾರರು. ನಡುಮನೆಯಲ್ಲಿ ಜಮಖಾನ, ಒಂದು ಮೈಕು, ಮೂಲೆಯಲ್ಲಿ ಕಂಪ್ಯೂಟರು, ಅದರ ಪಕ್ಕ ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ, ಹಸಿರು ದೀಪದ ಇಂಟರ್‌ಫೇಸ್ ಪೆಟ್ಟಿಗೆ. ಎಲ್ಲವನ್ನೂ ಜೋಡಿಸಿಕೊಟ್ಟವಳು ನಾನೇ. ಸದಾಶಿವಪ್ಪನವರ ಚಪ್ಪಾಳೆಯನ್ನೂ ಮೇಷ್ಟ್ರು ಬಿಟ್ಟಿರಲಿಲ್ಲ. ಯಾರದೇ ಹಾಡು ಬರಲಿ, ಮೊದಲಲ್ಲಿ ಚಪ್ಪಾಳೆ ಇಲ್ಲದಿದ್ದರೆ ಹಾಕಿ ಕಳಿಸಿ ಎಂದು ವಾಪಸು ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಸರೋಜಮ್ಮನವರ ಫೋನು. "ಗೌರಾ, ಬಿಡುವಾಗಿದ್ರೆ ಒಂದ್ಗಳಿಗೆ ಬಂದ್ಹೋಗಮ್ಮ. ಇವರು ನುಡಿಸಿದ್ದು ಲೇಟಾಗಿದೆ ಅಂತ ಹಾಡಿದೋರು ವಾಪಸ್ ಕಳಿಸಿದಾರೆ. ಮಿಶಿನ್ದೇ ಇರ್ಬೇಕು ಅಲ್ವಾ?"

"ಮಿಶಿನ್ದೇ ಇರತ್ತೆ ಅಕ್ಕ, ಬಂದೆ," ಎಂದೆ. ಮೇಷ್ಟ್ರು ತಪ್ಪುವುದು ನನ್ನ ಎಣಿಕೆಯಲ್ಲೇ ಇರಲಿಲ್ಲ.

ಹೋಗಿ ನೋಡಿದರೆ ನಿಜವಾಗಿಯೂ ಮಿಶಿನ್ನಿನದೇ. ಕಂಪ್ಯೂಟರು ತಾನಾಗಿ ಏನೋ ಹೊಸದನ್ನು ಹಾಕಿಕೊಂಡು ನಾನು ತುಂಬಿದ್ದ ಅಳತೆಯನ್ನು ಅಳಿಸಿಹಾಕಿತ್ತು. ಹೆಡ್‌ಫೋನನ್ನು ಮೈಕಿಗೆ ಹಿಡಿದು ಟಿಕ್ ಬಿಟ್ಟು ಅಳತೆ ತುಂಬಿದೆ. ಮೇಷ್ಟ್ರು ಮಗುವಿನ ಹಾಗೆ ನಕ್ಕರು. "ನೋಡಿದ್ಯಾ ಸರೋಜಾ, ನಾನ್ ಹೇಳ್ಲಿಲ್ವಾ? ಈ ಕೈಗೆ ಲೇಟು ಅನ್ನೋದು ಗೊತ್ತಾ?" ಅವತ್ತು ಆ ಮನೆಯಲ್ಲಿ ಕೇಸರಿಭಾತು ತಿಂದು ಬಂದೆ. ಆ ಮನೆಯ ಸಂತೋಷದ ಊಟಗಳಲ್ಲಿ ಅದೇ ಕಡೆಯದು.

ಕೆಲವೇ ದಿನಗಳಲ್ಲಿ ಮತ್ತೆ ವಾಪಸು. ಮತ್ತೆ ಹೋದೆ. ಟಿಕ್ ಬಿಟ್ಟೆ, ಅಳತೆ ಸರಿಯಾಗಿತ್ತು. ಮೇಷ್ಟ್ರ ಕೈಲಿ ಚಪ್ಪಾಳೆ ತಟ್ಟಿಸಿದೆ. ಹಾಡಿನವರ ಚಪ್ಪಾಳೆಯ ಮೇಲೆ ಅವರದು ಅಚ್ಚಿನ ಹಾಗೆ ಕೂತಿತು. ಯಂತ್ರವೂ ಸರಿ, ಮನುಷ್ಯರೂ ಸರಿ. ಆದರೆ ಮೃದಂಗ ಹಾಡನ್ನು ಹಿಂದಕ್ಕೆ ಎಳೆಯುತ್ತಿತ್ತು. ಕಿವಿಗೆ ಕೇಳುತ್ತಿತ್ತು, ಏನೆಂದು ಹೇಳಲು ಬರುತ್ತಿರಲಿಲ್ಲ. ತಂತಿ ಬದಲಾಯಿಸಿದೆ. ಪೆಟ್ಟಿಗೆಯನ್ನು ಬೇರೆ ಕಿಂಡಿಗೆ ಚುಚ್ಚಿದೆ. ಪೆಟ್ಟಿಗೆಯನ್ನೇ ಬದಲಾಯಿಸಿದೆ. ಬಫರಿನ ತಟ್ಟೆ ಚಿಕ್ಕದು ಮಾಡಿದೆ, ದೊಡ್ಡದು ಮಾಡಿದೆ. ಹೋದಾಗಲೆಲ್ಲ ಸರೋಜಮ್ಮನವರು ರವೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, "ಸರಿಹೋಯ್ತೇನಮ್ಮ?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅವರ ಮೇಲಲ್ಲ, ಆ ಹಸಿರು ದೀಪದ ಮೇಲೆ.

ಒಬ್ಬ ಗಾಯಕರು, "ಮೇಷ್ಟ್ರ ತೊಪ್ಪಿ ಸಡಿಲವಾಗಿ ಕೇಳ್ತಿದೆ," ಎಂದು ಹೇಳಿ ಕಳಿಸಿದರು. ತೊಪ್ಪಿಯ ದನಿಯನ್ನು ಬೇರೆಯಾಗಿ ಹಿಡಿಯೋಣವೆಂದು ನಾನು ಹಳೆಯ ಸ್ಟುಡಿಯೋದ ಮೈಕೊಂದನ್ನು ತಂದು ಎಡಗಡೆಗೆ ಇಟ್ಟೆ. ಬಲಕ್ಕೊಂದು, ಎಡಕ್ಕೊಂದು. ಮೇಷ್ಟ್ರು ನುಡಿಸಿ ಮುಗಿಸಿ ಕಾಫಿಗೆಂದು ಒಳಗೆ ಹೋದರು. ನಾನು ಪರದೆಯ ಮೇಲೆ ಎರಡು ಸಾಲನ್ನೂ ಹಿಗ್ಗಿಸಿ ನೋಡಿದೆ. ಎರಡು ಕೈಯೂ ಒಟ್ಟಿಗೆ ಬೀಳಬೇಕಾದ ಕಡೆಯೆಲ್ಲ ಬಲಗೈ ಇದ್ದಲ್ಲೇ ಇತ್ತು. ಎಡಗೈ ಹಿಂದೆ. ಹಾಡಿನ ಮೊದಲಲ್ಲಿ ಸ್ವಲ್ಪ, ಮಧ್ಯದಲ್ಲಿ ಇನ್ನಷ್ಟು, ಕೊನೆಯಲ್ಲಿ ಕಣ್ಣಿಗೇ ರಾಚುವಷ್ಟು.

ಯಂತ್ರಕ್ಕೆ ಎಡ ಬಲ ಗೊತ್ತಿಲ್ಲ. ತಡ ಮಾಡಿದರೆ ಎರಡನ್ನೂ ಮಾಡುತ್ತದೆ, ಕೊನೆಯವರೆಗೆ ಒಂದೇ ಅಳತೆಯಲ್ಲಿ ಮಾಡುತ್ತದೆ. ಒಂದೇ ಕೈಯನ್ನು ಆರಿಸಿಕೊಂಡು ದಣಿಸುವ ಬುದ್ಧಿ ಅದಕ್ಕಿಲ್ಲ. ಇಷ್ಟು ವರ್ಷ ನಾನು ನಂಬಿದ್ದ ಚಪ್ಪಾಳೆ ಯಾಕೆ ಇದನ್ನು ಹೇಳಲಿಲ್ಲ ಎನ್ನುವುದೂ ಆಗ ಹೊಳೆಯಿತು. ಚಪ್ಪಾಳೆ ಎಂದರೆ ಎರಡು ಕೈ ಒಂದಕ್ಕೊಂದು ತಗಲುವುದು. ಒಂದು ಕೈ ನಿಂತಿದ್ದರೂ ಇನ್ನೊಂದು ಹೋಗಿ ಅದನ್ನು ಮುಟ್ಟುತ್ತದೆ. ಸದ್ದು ಒಂದೇ ಬರುತ್ತದೆ.

ಅಡುಗೆಮನೆಗೆ ಹೋಗಿ ಸರೋಜಮ್ಮನವರನ್ನು ಮೆಲ್ಲಗೆ ಕೇಳಿದೆ. "ಅಕ್ಕ, ಮೇಷ್ಟ್ರ ಎಡಗೈ ಹೇಗಿದೆ?"

ಅವರು ಸೌಟನ್ನು ಕೆಳಗಿಟ್ಟರು. "ಅಂಗಿ ಗುಂಡಿ ನಾನೇ ಹಾಕ್ತಿದೀನಿ ಕಣಮ್ಮ. ವಾಕಿಂಗ್ ಹೋಗ್ವಾಗ ಆ ಕೈ ಬೀಸೋದೇ ಇಲ್ಲ, ಹಂಗೇ ಅಂಟ್ಕೊಂಡಿರತ್ತೆ. ನಾನು ನೋಡ್ತಾನೇ ಇದೀನಿ." ಒಲೆ ಆರಿಸಿ, "ಮಿಶಿನ್ದು ಅಂತ ನೀನು ಅಂದಾಗ ನಂಗೆ ಎಷ್ಟು ನೆಮ್ಮದಿ ಆಗಿತ್ತು ಗೊತ್ತಾ," ಎಂದರು.

ಡಾಕ್ಟರು ನರಗಳ ಕಾಯಿಲೆ ಎಂದರು. ಮಾತ್ರೆಯಿಂದ ಅದರ ಓಟ ನಿಧಾನವಾಗಬಹುದು, ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದರು. ಮೇಷ್ಟ್ರು ಅದನ್ನು ಒಪ್ಪಿಕೊಂಡರೇ ಇಲ್ಲವೇ ಎಂದು ನನಗೆ ತಿಳಿಯಲಿಲ್ಲ. ನನ್ನನ್ನು ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದರು.

"ಗೌರಾ, ನೀನೇ ಹೇಳ್ತೀಯಲ್ಲ, ಲೇಟಾದ್ದನ್ನ ಹಿಂದಕ್ಕೆ ಎಳ್ದು ಕೂರಿಸ್ಬೋದು ಅಂತ. ಎಡಗಡೇದೊಂದನ್ನೇ ಎಳ್ದು ಕೂರಿಸ್ಬುಡು. ಬೇರೆ ಮೈಕು ಇದೆಯಲ್ಲ."

"ಆಗಲ್ಲ ಮೇಷ್ಟ್ರೇ. ಎಡಗಡೆ ಮೈಕಿಗೆ ಬಲಗಡೆ ಏಟೂ ಕೇಳತ್ತೆ. ಎಡವನ್ನ ಎಳೆದ್ರೆ ಅದರ ಜೊತೆ ಅದೂ ಬರತ್ತೆ. ಬಲಗಡೆ ಒಂದೊಂದು ಏಟೂ ಎರಡೆರಡು ಸಲ ಕೇಳತ್ತೆ." ಎಳೆದು ತೋರಿಸಿದೆ. ಒಂದು ಮೃದಂಗ ಎರಡಾಗಿ, ಒಂದರ ಕಾಲನ್ನು ಒಂದು ತುಳಿದಂತೆ ಕೇಳಿತು. ಅವರು ಮುಖ ಕಿವಿಚಿದರು.

"ಸರಿ. ಹಂಗಾದ್ರೆ ಒಂದೊಂದೇ ಕೈ ನುಡಿಸ್ತೀನಿ. ಮೊದ್ಲು ಬಲ. ಆಮೇಲೆ ಅದನ್ನ ಕೇಳ್ಕೊಂಡು ಎಡ. ನೀವೆಲ್ಲ ಒಬ್ಬೊಬ್ರನ್ನೇ ಕೂರಿಸ್ಕೊಂಡು ರೆಕಾರ್ಡ್ ಮಾಡ್ತೀರಲ್ಲ, ಹಂಗೇ. ಆಗ ಎಡವನ್ನ ಏಟು ಏಟಾಗಿ ಬೇಕಾದಲ್ಲಿ ಕೂರಿಸ್ಬೋದು, ಅಲ್ವಾ?"

ಕೂರಿಸಬಹುದಿತ್ತು. ಇಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ಆದರೆ ಜೀವಮಾನದಲ್ಲಿ ಯಾವ ಮೃದಂಗದವರೂ ಅದನ್ನು ಮಾಡಿರಲಾರರು. ಸರೋಜಮ್ಮನವರು ರವೆ ಕಲಸಿ ತಂದರು, ನಾನು ತೊಪ್ಪಿಗೆ ಮೆತ್ತಿದೆ. ಮೇಷ್ಟ್ರು ಎಡಗೈಯನ್ನು ತೊಡೆಯ ಮೇಲಿಟ್ಟು ಬಲಗೈಯೊಂದರಿಂದಲೇ ಇಡೀ ಹಾಡನ್ನು ನುಡಿಸಿದರು. ಅಬ್ಬಾ! ಅದೇ ಹಳೆಯ ಕೈ, ಕರೆಂಟು ಹೋದರೂ ಕದಲದ ಕೈ.

ಆಮೇಲೆ ಹೆಡ್‌ಫೋನು ಹಾಕಿಕೊಂಡು, ತಮ್ಮ ಬಲಗೈ ನುಡಿಸಿದ್ದನ್ನು ಕೇಳುತ್ತಾ ಎಡಗೈಯಲ್ಲಿ ಶುರು ಮಾಡಿದರು. ಎರಡು ಕೈ ಒಟ್ಟಿಗಿದ್ದಾಗ ಬಲಗೈ ಎಡಗೈಯನ್ನು ಹೇಗೋ ತನ್ನ ಜೊತೆ ಎಳೆದುಕೊಂಡು ಹೋಗುತ್ತಿತ್ತು. ಈಗ ಎಡಗೈ ಒಂಟಿಯಾಗಿತ್ತು. ಪಲ್ಲವಿಯ ಎರಡನೇ ಆವರ್ತಕ್ಕೇ ಹಿಂದೆ ಬಿತ್ತು. ಅವರು ನಿಲ್ಲಿಸಲಿಲ್ಲ. ಹುಬ್ಬು ಗಂಟಿಕ್ಕಿ, ಭುಜವನ್ನೇ ಮುಂದಕ್ಕೆ ತಳ್ಳಿ ತಳ್ಳಿ ನುಡಿಸಿದರು. ನಾನು ಪರದೆಯನ್ನು ನೋಡುವುದನ್ನು ಬಿಟ್ಟು ಅವರ ಮುಖ ನೋಡುತ್ತಿದ್ದೆ. ಅನುಪಲ್ಲವಿಯ ಹೊತ್ತಿಗೆ ಅವರ ಮುಖದಲ್ಲಿ ಸಿಟ್ಟು ಹೋಗಿ ಬೇರೆ ಏನೋ ಬಂತು. ಅಷ್ಟು ವರ್ಷ ಬೇರೆಯವರ ತಾಳ ತಪ್ಪುವುದನ್ನು ಕೇಳಿದ ಕಿವಿ ಅದು, ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಡ್‌ಫೋನು ತೆಗೆದು ಜಮಖಾನದ ಮೇಲಿಟ್ಟರು. "ಎಡಗಡೆ ಕೂತಿರೋನು ಯಾರೋ ಹಿಂದೆ ಬೀಳ್ತಿದಾನೆ ಕಣಮ್ಮ," ಎಂದರು.

ನಾನು ಅತ್ತುಬಿಟ್ಟೆ. ಕೆಲಸದ ಜಾಗದಲ್ಲಿ ನಾನು ಅತ್ತದ್ದು ಅದೊಂದೇ ಸಲ. "ನಾನು ಕೂರಿಸಿಕೊಡ್ತೀನಿ ಮೇಷ್ಟ್ರೇ, ಏಟು ಏಟಾಗಿ ಕೂರಿಸ್ತೀನಿ, ಯಾರಿಗೂ ಗೊತ್ತಾಗಲ್ಲ," ಎಂದೆ.

"ಬೇಡ. ಕೂರಿಸಿದ್ರೆ ಅದು ನೀನು ನುಡಿಸಿದ್ದು ಆಗತ್ತೆ. ನಂದಲ್ಲ." ತೊಪ್ಪಿಯ ರವೆಯನ್ನು ಬಲಗೈಯಲ್ಲಿ ತಾವೇ ಕೆರೆದು ತೆಗೆದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಇನ್ಮೇಲೆ ಯಾರಾದ್ರೂ ಕೇಳಿದ್ರೆ ಮಿಶಿನ್ ಕೆಟ್ಟಿದೆ ಅಂತ ಹೇಳ್ಬುಡು."

"ಮೇಷ್ಟ್ರೇ..."

"ಗೊತ್ತು, ಸದಾಶಿವಪ್ಪ ಏನ್ ಹೇಳ್ತಿದ್ರು ಅಂತ ನಂಗೂ ಗೊತ್ತು. ನಾನೂ ಅಲ್ಲೇ ಕೂತಿದ್ನಲ್ಲ. ಆದ್ರೆ ನೋಡು, ಕೈ ಹೋಗಿದೆ ಅಂದ್ರೆ ಎಲ್ಲಾರೂ ಹಣ್ಣು ತಗೊಂಡು ನೋಡಕ್ಕೆ ಬಂದ್ಬುಡ್ತಾರೆ. ಮಿಶಿನ್ ಹೋಗಿದೆ ಅಂದ್ರೆ ಯಾವಾಗ ಸರಿಹೋಗತ್ತೆ ಅಂತ ಫೋನ್ ಮಾಡ್ತಾರೆ. ಅಷ್ಟು ಮಾಡಮ್ಮ ನಂಗೆ."

ಹಾಗೆ ನಾನು ನಿಯಮ ಮುರಿದೆ. ಫೋನು ಬಂದಾಗಲೆಲ್ಲ ಮೇಷ್ಟ್ರ ಮನೆ ಮಿಶಿನ್ ಕೆಟ್ಟಿದೆ ಎನ್ನುತ್ತೇನೆ. ಇಲ್ಲಿ ಅವರ ಹೆಸರನ್ನೂ ಬೀದಿಯನ್ನೂ ಬದಲಿಸಿ ಬರೆದದ್ದೂ ಅದಕ್ಕೇ. ಒಬ್ಬರು ಬಫರ್ ಕಡಿಮೆ ಮಾಡಿ ನೋಡಿ ಎಂದು ನನಗೇ ಹೇಳಿಕೊಟ್ಟರು. ಇನ್ನೊಬ್ಬರು ಹೊಸ ಪೆಟ್ಟಿಗೆಯ ಹೆಸರು ಕಳಿಸಿದರು. ಎಲ್ಲರಿಗೂ ಹೂಂ ಎನ್ನುತ್ತೇನೆ. ಮೊದಮೊದಲು ದಿನವೂ ಯಾರಾದರೂ ಕೇಳುತ್ತಿದ್ದರು. ಈಗ ಅಪರೂಪ. ಮೃದಂಗದ ಸದ್ದನ್ನು ತಾನೇ ಹಾಕಿಕೊಡುವ ಪ್ರೋಗ್ರಾಂಗಳು ಬಂದಿವೆ. ಅವು ಎಂದೂ ಹಿಂದೆ ಬೀಳುವುದಿಲ್ಲ, ಚಪ್ಪಾಳೆಯನ್ನೂ ಕೇಳುವುದಿಲ್ಲ.

ನಾನು ಕೆಲಸ ಬಿಟ್ಟ ಮೇಲೂ ಆ ಮನೆಗೆ ಮಾತ್ರ ಹೋಗುತ್ತೇನೆ. ಹೋದಾಗಲೆಲ್ಲ ಮೇಷ್ಟ್ರು ಪೆಟ್ಟಿಗೆ ಹಾಕಿಸುತ್ತಾರೆ. ಹಸಿರು ದೀಪ ಹತ್ತುತ್ತದೆ. ಹೆಡ್‌ಫೋನನ್ನು ಮೈಕಿಗೆ ಹಿಡಿದು ಟಿಕ್ ಬಿಡುತ್ತೇನೆ, ಹೋದ ಟಿಕ್ಕಿನ ಮೇಲೆ ಬಂದ ಟಿಕ್ಕು ಸರಿಯಾಗಿ ಕೂರುತ್ತದೆ. ನಾನು ಜೋಡಿಸಿದ ಯಾವ ಯಂತ್ರವೂ ಇಷ್ಟು ಚೆನ್ನಾಗಿ ನಡೆದಿಲ್ಲ. ಸರೋಜಮ್ಮನವರು ಅಭ್ಯಾಸಬಲದಿಂದ ರವೆ ನೆನೆಸಿ ತಂದಿಡುತ್ತಾರೆ. ಬೇಡ ಎನ್ನಲು ನಮ್ಮಿಬ್ಬರಿಗೂ ಬಾಯಿ ಬರುವುದಿಲ್ಲ.

ಮೊನ್ನೆ ನಾನು ಅಲ್ಲಿದ್ದಾಗಲೇ ಒಬ್ಬ ಗಾಯಕಿಯ ಫೋನು ಬಂತು, ಬಹಳ ದಿನಗಳ ಮೇಲೆ. "ಮೇಷ್ಟ್ರ ಮನೆ ಮಿಶಿನ್ ಇನ್ನೂ ಸರಿಹೋಗಿಲ್ವಾ ಮೇಡಂ?" ಮೇಷ್ಟ್ರು ಕಿವಿಗೊಟ್ಟು ಕೂತಿದ್ದರು. ಎಡಗೈ ಮಡಿಲಲ್ಲಿತ್ತು.

"ಇಲ್ಲಮ್ಮ, ಇನ್ನೂ ಇಲ್ಲ. ಪಾರ್ಟು ಸಿಗ್ತಿಲ್ಲ," ಎಂದೆ. ಆಕೆ ಇನ್ನೇನೋ ಕೇಳಿದಳು, ನಾನು ಉತ್ತರ ಕೊಡುವಾಗ ಎದ್ದು ಕಿಟಕಿಯ ಹತ್ತಿರ ಹೋಗಿ ದನಿ ತಗ್ಗಿಸಿದೆ. ಫೋನು ಇಟ್ಟು ಬಂದು ಕೂತೆ.

"ಏನಂತೆ?" ಎಂದರು ಮೇಷ್ಟ್ರು.

"ಯಾವ ಪಾರ್ಟು ಅಂತ ಕೇಳಿದ್ಳು."

"ಏನ್ ಹೇಳ್ದೆ?"

"ಎಡಗಡೇದು ಅಂದೆ."

ಅವರು ತಲೆಯಾಡಿಸಿದರು. ಬಲಗೈಯಿಂದ ಎಡಗೈಯನ್ನು ಎತ್ತಿ ಜಮಖಾನದ ಮೇಲೆ ಸರಿಯಾಗಿ ಇಟ್ಟುಕೊಂಡು, "ಸರಿಯಾಗೇ ಹೇಳಿದೀಯ," ಎಂದರು. ಸರೋಜಮ್ಮನವರು ಒಣಗಿದ ರವೆಯ ಬಟ್ಟಲನ್ನು ತೊಳೆಯಲು ಒಳಗೆ ತೆಗೆದುಕೊಂಡು ಹೋದರು.